ಗೋಡೆಯಾಚೆಯ ನಗು

ಕಳೆದ ವಾರ ರಾಮದುರ್ಗದಲ್ಲಿ ತಂಗಿ ಗಿರಿಜಾಳ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಟೀವಿಯಲ್ಲಿ ಹಳೆಯ ಹಾಸ್ಯ ಚಿತ್ರವೊಂದು ಶುರುವಾಯಿತು. ರಿಮೋಟ್ ಎಲ್ಲಿದೆ ಎಂದು ಕೇಳಿದೆ. ಯಾಕೆ ಕೇಳಿದೆನೆಂದು ಅವಳಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವಳನ್ನು ನೋಡಲು ಕಿತ್ತೂರಿನಿಂದ ಗಂಡಿನವರು ಬೈಲಹೊಂಗಲಕ್ಕೆ ಬಂದಿದ್ದರು. ಗಿರಿಜಾಳ ಬಣ್ಣವನ್ನು ಅವ್ವ ಸಾದಗಪ್ಪು ಎನ್ನುತ್ತಿದ್ದಳು. ಸುದ್ದಿ ಬರೆದು ಬದುಕಿದ ನಾನು ಕಪ್ಪು ಎಂದೇ ಬರೆಯುತ್ತೇನೆ. ಕೂಡಿ ನಕ್ಕವರು ಕೊಡುಕೊಳ್ಳುವ ಮಾತಿನಲ್ಲಿ ಜಗಳಾಡುವುದಿಲ್ಲ ಎಂಬುದು ನಮ್ಮ ಕಾಕಾ ಅವರ ಸಿದ್ಧಾಂತ. ಹಾಗಾಗಿ ಎರಡೂ ಕಡೆಯವರನ್ನು ಮ್ಯಾಟ್ನಿಗೆ ಕರೆದೊಯ್ದರು.

ಟಾಕೀಸಿನಲ್ಲಿ ಹೆಂಗಸರ ಜಾಗಕ್ಕೂ ಗಂಡಸರ ಜಾಗಕ್ಕೂ ನಡುವೆ ಎದೆಮಟ್ಟದ ಗೋಡೆಯಿತ್ತು. ತೆರೆಯ ಮೇಲೆ ನಮ್ಮ ಕಡೆಯ ಮಾತನಾಡುವ ಆಳೊಬ್ಬನಿಗೆ ಬೆಂಗಳೂರಿನ ಯಜಮಾನ ಹೊಡೆಯುತ್ತಿದ್ದ. ನಾವು ಬಿದ್ದು ಬಿದ್ದು ನಕ್ಕೆವು. “ಥೇಟ್ ನಮ್ಮಂಗ ಮಾತಾಡ್ತಾನ,” ಎಂದು ಕಾಕಾ ಹೆಮ್ಮೆಪಟ್ಟರು. ಆಮೇಲೆ ಚಿತ್ರದ ಮದುಮಗ ಹೆಣ್ಣಿನ ಮುಖದ ಮೇಲಿನ ಸೆರಗು ಸರಿಸಿ, ಅವಳ ಕಪ್ಪು ಕಂಡು ಕಿರುಚಿ, ಇವಳಿಗಿಂತ ವಾಸಿ ಎಂದು ಸೀರೆಯುಟ್ಟಿದ್ದ ಮೀಸೆಯ ಅಡುಗೆಯವನನ್ನು ತಬ್ಬಿಕೊಂಡ. ಕಿತ್ತೂರಿನ ಹುಡುಗ ಕೆಮ್ಮು ಬರುವವರೆಗೆ ನಕ್ಕ. ಅವನ ಅಪ್ಪ ಬೆನ್ನು ತಟ್ಟಬೇಕಾಯಿತು.

“ಕನ್ಯಾ ನಮ್ಮ ಮನಸ್ಸಿಗೆ ಬಂದಾಳ್ರಿ,” ಎಂದು ಹೇಳಿಯೇ ಅವರು ಬಸ್ಸು ಹತ್ತಿದರು. ಮನೆಗೆ ಬಂದ ಮೇಲೆ ಗಿರಿಜಾ ಬೇಡವೆಂದಳು.

“ಯಾಕವಾ? ಹುಡುಗ ಚಲೋ ಅದಾನ,” ಎಂದರು ಕಾಕಾ.

“ಆಂವ ನಕ್ಕಿದ್ದು ಗ್ವಾಡಿ ಆಚಿ ತನಕಾ ಕೇಳಿಸ್ತು.”

“ಎಲ್ಲಾರೂ ನಕ್ಕಾರ. ನಾನೂ ನಕ್ಕೇನಿ.”

“ನೀವು ನಕ್ಕರ ನಡೀತೈತಿ ಕಾಕಾ. ನಿಮ್ಮ ಜೋಡಿ ಬಾಳ್ವೆ ಮಾಡಾಕಿ ಕಾಕಿ.”

ಅಡುಗೆಮನೆಯಲ್ಲಿ ಕಾಕಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾ ಚಪ್ಪಲಿ ಹುಡುಕತೊಡಗಿದರು.

ಮತ್ತೊಂದು ಸಂಬಂಧ ಕೂಡಿಬರಲು ವರ್ಷಗಳೇ ಹಿಡಿದವು. ಸವದತ್ತಿಯವರು ಬಂದರು, ನೋಡಿದರು, ಹೇಳಿ ಕಳಿಸುತ್ತೇವೆಂದು ಹೋದರು. “ಒಂದು ನಗಿ ಸಲುವಾಗಿ ಚಲೋ ಮನಿ ಬಿಟ್ಟಳು,” ಎಂದು ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಿರಿಜಾ ಸಿನಿಮಾ ನೋಡಿ ನಕ್ಕಿದ್ದನ್ನು ಆಮೇಲೆ ನಾನು ಕಂಡಿರಲಿಲ್ಲ.

ಕಳೆದ ವಾರ ಟೀವಿಯಲ್ಲಿ ಬಂದದ್ದು ಅದೇ ಚಿತ್ರ. ರಿಮೋಟ್ ಸಿಗಲಿಲ್ಲ. ಸೆರಗು ಸರಿಯಿತು. ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವ ಅವಳ ಗಂಡ ಕೈಯಲ್ಲಿನ ತುತ್ತು ಹಾಗೇ ಹಿಡಿದು ನೋಡಿದ.

“ಬೆಳ್ಳಗಿನಾಕಿಗೆ ಕರೀ ಬಣ್ಣ ಬಳದಾರ ನೋಡ್ರಿ. ಕುತ್ತಿಗಿಗೆ ಹತ್ತೇ ಇಲ್ಲ. ನಾ ಹಿಂಗ ಹಾಕಿದ್ರ ನೇಕಾರರು ನೂಲು ತಂದು ಮಾರಿಗೆ ಒಗೀತಿದ್ರು.”

ಆ ದೃಶ್ಯವನ್ನು ಎಷ್ಟೋ ಸಲ ನೋಡಿದ್ದೇನೆ, ಕುತ್ತಿಗೆ ನೋಡಿರಲಿಲ್ಲ. ರೊಟ್ಟಿ ತಂದಿದ್ದ ಗಿರಿಜಾ ಟೀವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ರೊಟ್ಟಿಯ ಬುಟ್ಟಿ ಕೆಳಗಿಟ್ಟು ನಕ್ಕಳು.

“ಗಿರಿಜಕ್ಕಾ, ಏನಾತ ನಿಮಗ?” ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೇಳಿದಳು.

ರಿಮೋಟ್ ನನ್ನ ತೊಡೆಯ ಕೆಳಗೇ ಇತ್ತು. ಅಲ್ಲೇ ಇರಲೆಂದು ಬಿಟ್ಟೆ.