ಮಾಸ್ಟರಿಗೆ ಸೂಜಿ ಚುಚ್ಚಿದವನು

ನನ್ನ ಗೆಳೆಯ ಸತ್ತು ಮೂರು ತಿಂಗಳಾಯಿತು. ‘ಹೋದವನು ಹೋದ, ಬಿಟ್ಟುಬಿಡು’ ಎಂದು ಸಿಕ್ಕಸಿಕ್ಕವರೆಲ್ಲ ಬುದ್ಧಿ ಹೇಳುತ್ತಾರೆ. ಬಿಡುವುದಿಲ್ಲ. ಅವನಿಗೆ ಸೂಜಿ ಚುಚ್ಚಿದ ವ್ಯಾಯಾಮಶಾಲೆಯವನು ಕಂಬಿ ಎಣಿಸುವ ತನಕ ನನಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಗೆಳೆಯ ನಮ್ಮ ಹೊಲಿಗೆ ಕಾರ್ಖಾನೆಯ ಕಟಿಂಗ್ ಮಾಸ್ಟರು. ನಾನು ಪಕ್ಕದ ಮೇಜಿನಲ್ಲಿ ಶರ್ಟುಗಳ ಗುಂಡಿತೂತಿಗೆ ಕಾಜಾ ಹೊಡೆಯುವವನು. ಅವನು ಎದುರಿಗೆ ಬಂದವರನ್ನು ಒಮ್ಮೆ ನೋಡಿ, ‘ಎದೆ ಮೂವತ್ತೆಂಟು, ಎಡಭುಜ ಅರ್ಧ ಇಂಚು ಇಳಿದಿದೆ’ ಎನ್ನುತ್ತಿದ್ದ. ಟೇಪು ಹಿಡಿದರೆ ಅಷ್ಟೇ ಬರುತ್ತಿತ್ತು.

ಮದುವೆಯಾದ ಮೇಲೆ ದಪ್ಪಗಾಗುತ್ತಾ ಹೋದ. ನಲವತ್ತಕ್ಕೆ ನೂರ ಹದಿನೆಂಟು ಕಿಲೋ. ಎದೆಯೂ ಜೋತುಬಿತ್ತು. ಕಾರ್ಖಾನೆಯ ಇಸ್ತ್ರಿಯವನು ಅವನಿಗೆ ‘ಅತ್ತಿಗೆ’ ಎಂದು ಹೆಸರಿಟ್ಟ.

“ಅತ್ತಿಗೆ, ಸ್ವಲ್ಪ ಸರೀರಿ, ಗಾಳಿ ಬರ್ಲಿ!”

“ಬಾರೋ ಮೈದುನ, ನಿನ್ನ ಬಾಯಿ ಹೊಲಿದು ಕಳಿಸ್ತೀನಿ.”

ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಮದುವೆಯಾಗಿ ಒಂಬತ್ತು ವರ್ಷವಾದರೂ ಅವನಿಗೆ ಮಕ್ಕಳಾಗಿರಲಿಲ್ಲ. ಹೆಂಡತಿಯ ಪರೀಕ್ಷೆಗಳೆಲ್ಲ ಸರಿಯಿದ್ದವು. ಕೊನೆಗೆ ತನ್ನ ರಕ್ತ ತೋರಿಸಲು ನನ್ನನ್ನು ಜೊತೆಗೆ ಕರೆದೊಯ್ದ.

“ಹೊಟ್ಟೆ ಕೊಬ್ಬು ಸುಮ್ನೆ ಕೂತಿರಲ್ಲ,” ಎಂದರು ಡಾಕ್ಟರಮ್ಮ. “ಗಂಡಸಿನ ಹಾರ್ಮೋನನ್ನ ಹೆಂಗಸಿನ ಹಾರ್ಮೋನಾಗಿ ಬದಲಾಯಿಸ್ತಿರುತ್ತೆ. ಮಿದುಳು ‘ಸಾಕು’ ಅಂದ್ಕೊಂಡು ಅದರ ತಯಾರಿಯನ್ನೂ ಕಮ್ಮಿ ಮಾಡುತ್ತೆ. ತೂಕ ಇಳಿಸಿ, ಗಂಡಸಿನ ಹಾರ್ಮೋನು ತಾನಾಗೇ ಏರಬಹುದು. ಆದ್ರೆ ಯಾರೋ ಹೇಳಿದ್ರು ಅಂತ ಹಾರ್ಮೋನ್ ಚುಚ್ಚಿಸ್ಕೋಬೇಡಿ. ಇರೋ ವೀರ್ಯಾನೂ ನಿಂತುಹೋಗುತ್ತೆ, ರಕ್ತ ಮಂದವಾಗುತ್ತೆ.”

ನಾಲ್ಕು ತಿಂಗಳು ದಿನಾ ನಡೆದ. ಒಂಬತ್ತು ಕಿಲೋ ಇಳಿದ. ಹೆಂಡತಿ ಅವನ ಪ್ಯಾಂಟುಗಳನ್ನೆಲ್ಲ ಸೊಂಟ ಕಿರಿದು ಮಾಡಿ ಹೊಲಿದಳು. ಅಷ್ಟರಲ್ಲಿ ಒಂದು ದಿನ ಊಟದ ಹೊತ್ತಿಗೆ ಇಸ್ತ್ರಿಯವನು ಎಲ್ಲರ ಮುಂದೆ ಕೇಳಿದ: “ಏನ್ ಅತ್ತಿಗೆ, ಇನ್ನೂ ವಿಶೇಷ ಏನೂ ಇಲ್ವಾ?”

ಮಾಸ್ಟರು ಡಬ್ಬಿ ಮುಚ್ಚಿ ಎದ್ದ. ಆ ಸಂಜೆಯೇ ವ್ಯಾಯಾಮಶಾಲೆಗೆ ಹೋದ.

“ತಿಂಗಳುಗಟ್ಟಲೆ ಯಾಕಣ್ಣ ನಡೀತೀರಾ?” ಎಂದನಂತೆ ಅಲ್ಲಿಯವನು. “ಆರು ವಾರ ನನ್ ಕೈಗೆ ಬಿಡಿ. ಅಪ್ಪ ಆಗ್ತೀರಾ.”

ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾನೆಂದು ನನಗೆ ತಿಳಿದಾಗ ತಿಂಗಳು ದಾಟಿತ್ತು. ಕೂಗಾಡಿದೆ. “ಡಾಕ್ಟರಮ್ಮ ಅಂದಿದ್ದು ಮರ್ತ್ಯೇನೋ? ನಾಳೇನೇ ರಕ್ತ ತೋರಿಸೋಣ ನಡಿ.”

“ತೋಳು ಒಂದೂವರೆ ಇಂಚು ಜಾಸ್ತಿ, ಸೊಂಟ ಎರಡಿಂಚು ಕಮ್ಮಿ. ಸೋಮವಾರ ಸೋಮವಾರ ನಾನೇ ಅಳೀತಿದೀನಿ ಕಣೋ. ಟೇಪು ಯಾವತ್ತಾದ್ರೂ ಸುಳ್ಳು ಹೇಳಿದ್ಯಾ?”

ಇಪ್ಪತ್ತು ವರ್ಷ ಟೇಪು ನಂಬಿ ಬಟ್ಟೆ ಕತ್ತರಿಸಿದವನು, ಮೈಯನ್ನೂ ಹಾಗೆಯೇ ನಂಬಿದ. ಮುಖ ಕೆಂಪಗಾಗಿತ್ತು, ತಲೆನೋವು ಎನ್ನುತ್ತಿದ್ದ. ಒಂದು ಬೆಳಿಗ್ಗೆ ಎಡಗಾಲು ಊದಿಸಿಕೊಂಡೇ ಕೆಲಸಕ್ಕೆ ಬಂದ. ಮಧ್ಯಾಹ್ನ ಉಸಿರು ಸಿಗದೆ, ಹಾಸಿದ ಬಟ್ಟೆಯ ಮೇಲೆ ಕುಸಿದ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು ಎಂದರು ಆಸ್ಪತ್ರೆಯಲ್ಲಿ.

ಕಪಾಟಿನಲ್ಲಿ ಶರ್ಟುಗಳ ಹಿಂದೆ ಅವನ ಹೆಂಡತಿಗೆ ಸೂಜಿಮದ್ದಿನ ಹನ್ನೊಂದು ಖಾಲಿ ಬಾಟಲಿ ಸಿಕ್ಕವು. ಯಾವುದರ ಮೇಲೂ ತಯಾರಿಸಿದವರ ಹೆಸರಿಲ್ಲ. ಇಬ್ಬರೂ ಹೋಗಿ ಪೊಲೀಸರಿಗೆ ದೂರು ಕೊಟ್ಟೆವು. ಇಸ್ತ್ರಿಯವನ ಜೊತೆ ಈಗ ಊಟಕ್ಕೆ ಯಾರೂ ಕೂರುವುದಿಲ್ಲ. ಒಬ್ಬೊಬ್ಬರಿಗೂ ಹೇಳಿ ಹಾಗೆ ಮಾಡಿಸಿದವನು ನಾನೇ. ಅವನು ಯಂತ್ರದ ಮರೆಯಲ್ಲಿ ಅಳುವುದನ್ನು ಕಂಡೆ. ಕಾಜಾ ಹೊಡೆಯುತ್ತಲೇ ಇದ್ದೆ.

ಕಳೆದ ಭಾನುವಾರ ವ್ಯಾಯಾಮಶಾಲೆಯವನು ಮಾಸ್ಟರ ಮನೆಗೇ ಬಂದ. ನಾನೂ ಅಲ್ಲಿದ್ದೆ.

“ದೂರು ವಾಪಸ್ ತಗೊಳ್ಳಿ ಅಕ್ಕ. ನಂಗಿಬ್ರು ಮಕ್ಕಳಿದ್ದಾರೆ.”

“ನಮ್ಮವ್ರಿಗೂ ಮಕ್ಕಳು ಬೇಕಾಗಿತ್ತು,” ಎಂದಳು ಆಕೆ. ಕೂರಲು ಹೇಳಲಿಲ್ಲ. ಒಳಗಿನಿಂದ ಕಾಗದ ತಂದಳು. “ಇನ್ನೂ ಯಾರ್ಯಾರಿಗೆ ಚುಚ್ಚಿದೀಯ? ಹೇಳು.”

ಕರುಣೆ ಬಂದೀತೆಂಬ ಆಸೆಯಿಂದ ಅವನು ಒಂದೊಂದೇ ಹೆಸರು ಹೇಳಿದ, ಆಕೆ ಬರೆದುಕೊಂಡಳು. ಹದಿಮೂರಾಯಿತು. “ಈಗ ವಾಪಸ್ ತಗೋತೀರಲ್ಲಕ್ಕ?”

“ಇಲ್ಲ,” ಎಂದು ಬಾಗಿಲು ಹಾಕಿದಳು.

ಆ ಕಾಗದವೂ ಈಗ ದೂರಿನ ಜೊತೆಗಿದೆ. ಹನ್ನೆರಡು ಮಂದಿಯನ್ನು ಮನೆಮನೆಗೆ ಹೋಗಿ ಡಾಕ್ಟರಮ್ಮನ ಹತ್ತಿರ ಕಳಿಸಿದ್ದೇವೆ. ಒಬ್ಬ ಇನ್ನೂ ಬಾಗಿಲು ತೆಗೆಯುತ್ತಿಲ್ಲ.