ಅಣ್ಣನ ಎಣ್ಣೆ ಮೀಟರು

ಎಂಜಿನ್ ಚಾಲೂ ಆಯಿತೋ ಇಲ್ಲವೋ ಎಂಬುದನ್ನು ನಮ್ಮಣ್ಣ ಬಸಣ್ಣ ಕಿವಿಯಿಂದಲ್ಲ, ಅಂಗೈಯಿಂದ ತಿಳಿದುಕೊಳ್ಳುತ್ತಿದ್ದ. ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದ. ರಾಯಚೂರಿನ ಹತ್ತಿ ಜಿನ್ನಿನ ಯಂತ್ರಗಳ ಸಪ್ಪಳದಲ್ಲಿ ದುಡಿದು ಅವನ ಕಿವಿ ಮಂದವಾಗಿತ್ತು. ಎದುರು ನಿಂತು ಮಾತಾಡಿದವರಿಗೆ ತುಟಿ ನೋಡಿ ಉತ್ತರ ಕೊಡುತ್ತಿದ್ದುದರಿಂದ ಬಹಳ ಮಂದಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಜಿನ್ನು ಬಿಟ್ಟ ಮೇಲೆ ಅಣ್ಣ ನಿಜಾಮರ ಕಾಲದ ಒಂದು ಕರಿ ವಿಲಾಯತಿ ಕಾರು ಕೊಂಡು ಬಾಡಿಗೆಗೆ ಓಡಿಸತೊಡಗಿದ. ಎಪ್ಪತ್ತರ ದಶಕದ ಕೊನೆಯ ಮಾತು. ಆ ಕಾರಿನ ಹಳೆಯ ಮೀಟರುಗಳಲ್ಲಿ ಪೆಟ್ರೋಲಿನದು ಬಿಟ್ಟು ಉಳಿದವೆಲ್ಲ ಸತ್ತಿದ್ದವು.

"ಎಂಜಿನ್ ಒದರಿದ್ರ ನನಗ ಕೇಳಂಗಿಲ್ಲ, ತಮ್ಮಾ. ಅದಕ್ಕ ಬರಿಯೂದು ಕಲಿಸಬೇಕು," ಅಂದ. ನಾವಿಬ್ಬರೂ ಸಾಲಿಯಲ್ಲಿ ಬರೆಯುವುದನ್ನು ಅರ್ಧಕ್ಕೇ ಬಿಟ್ಟವರು.

ಖಾಸಿಂಸಾಬನ ಗುಜರಿ ಅಂಗಡಿಗೆ ಹೋದೆವು. ಸಾಬ ಎಂಜಿನ್ ಎಣ್ಣೆಯ ಒತ್ತಡ ತೋರಿಸುವ ಒಂದು ಹೊಳೆಯುವ ಮೀಟರು ಒರೆಸಿ ಮುಂದಿಟ್ಟ. "ಇದು ತಗೋರಿ ಬಸಣ್ಣ. ವೈರಿಂದು. ಒಳಗ ದೀಪ ಹತ್ತತದ, ನವಾಬರ ಗತ್ತು."

"ವೈರಿನ ಮೀಟರು ಕೇಳಿದ ಮಾತು ಹೇಳತದ, ಸಾಬ. ನನಗ ನಳಿಗಿಂದು ಬೇಕು. ಎಣ್ಣಿ ತಾನs ಬಂದು ಸೂಜಿ ಮುಟ್ಟಬೇಕು."

ತಾಮ್ರದ ಸಣ್ಣ ನಳಿಗೆಯ ಹಳೆ ಎಣ್ಣೆ ಮೀಟರುಗಳನ್ನು ಸಾಬ ಸುರಿದ. ಅಣ್ಣ ಒಂದೊಂದಕ್ಕೂ ಸೈಕಲ್ ಪಂಪು ಹಚ್ಚಿ ಹೊಡೆದ, ಬಿಟ್ಟ, ನೋಡಿದ. ನನಗೆ ಬೇಸರ ಬಂದು, ಎಲ್ಲವೂ ಏರುತ್ತಿವೆಯಲ್ಲ, ಯಾವುದಾದರೇನು ಅಂದೆ.

"ಏರೂದು ಎಲ್ಲಾ ಏರತಾವು. ಬಿಟ್ಟ ಮ್ಯಾಲ ಇಳೀತದೋ ಇಲ್ಲೋ ನೋಡಬೇಕು."

ಎಣ್ಣೆಯ ಮೀಟರಿನ ಜೊತೆ ನೀರಿನ ಬಿಸಿ ತೋರಿಸುವುದೊಂದು, ಬ್ಯಾಟರಿಯದೊಂದು ಆರಿಸಿದ. ಮೂರನ್ನೂ ಸಾಗವಾನಿ ಪಟ್ಟಿಗೆ ಕೂರಿಸಿ ಸ್ಟೇರಿಂಗಿನ ಕೆಳಗೆ ಬಿಗಿದ. ಎಣ್ಣೆಯ ಮೀಟರಿನ ಗಾಜಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದ. ಸೂಜಿ ಗೆರೆ ಬಿಟ್ಟು ಇಳಿದರೆ ಕಲ್ಮಲದಂಥ ಊರಿರಲಿ, ಬಯಲಿರಲಿ, ಕಾರು ನಿಂತಿತೆಂದೇ ಲೆಕ್ಕ. ಎಂಜಿನ್ ಆರಬೇಕು, ಎಣ್ಣೆ ಹಾಕಬೇಕು, ಆಮೇಲೆ ಮುಂದೆ.

ನನಗೆ ದೇವದುರ್ಗದಲ್ಲಿ ಕನ್ಯಾ ನೋಡಲು ಹೊರಟಾಗಲೂ ಹಾಗೇ ನಿಂತ. ಮಾನ್ವಿಯ ಸೋದರಮಾವ ಹಿಂದಿನ ಸೀಟಿನಿಂದ, "ಬಸ್ಯಾ, ಇದು ಕಾರೋ ದವಾಖಾನಿನೋ? ಗಳಿಗಿಗೊಮ್ಮೆ ನಾಡಿ ಹಿಡಿತೀಯಲ್ಲ," ಅಂದ. ಎಲ್ಲರೂ ನಕ್ಕರು. ನಗುವವರ ಮುಖ ನೋಡಿ ಅಣ್ಣನೂ ನಕ್ಕ. ನಾವು ಮುಟ್ಟುವಷ್ಟರಲ್ಲಿ ರಾಹುಕಾಲ ಕೂತಿತ್ತು. ಇನ್ನೊಂದು ದಿನ ಬರ್ರಿ ಎಂದು ಹುಡುಗಿಯ ಕಡೆಯವರು ಬಾಗಿಲಲ್ಲೇ ಹೇಳಿ ಕಳಿಸಿದರು.

ಎರಡನೆಯ ಸಲ ಮಾವನನ್ನು ಕರೆದುಕೊಳ್ಳಲು ಮಾನ್ವಿಯಲ್ಲಿ ನಿಂತೆವು. ಬ್ಯಾಟರಿ ಸೊರಗಿದ್ದರಿಂದ ಅಣ್ಣ ಎಂಜಿನ್ ಬಂದ್ ಮಾಡದೆ ನೀರು ಕುಡಿಯಲು ಒಳಗೆ ಹೋದ. ನಾನು ಬಗ್ಗಿ, ಎಣ್ಣೆಯ ನಳಿಗೆಯನ್ನು ಮೀಟರಿನ ಹತ್ತಿರವೇ ಇಕ್ಕಳದಂಥ ಪಕ್ಕಡಿನಿಂದ ಒತ್ತಿ ಚಪ್ಪಟೆ ಮಾಡಿದೆ. ನಳಿಗೆಯೊಳಗಿನ ಎಣ್ಣೆ ಅಲ್ಲೇ ಸಿಕ್ಕಿಬಿತ್ತು. ಸೂಜಿ ಕೆಂಪು ಗೆರೆಯ ಮೇಲೆ ಹಾಗೇ ನಿಂತಿತು. ಈ ಒಂದು ದಾರಿ ಎಲ್ಲೂ ನಿಲ್ಲದೆ ಮುಗಿದರೆ ಸಾಕು, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಸಿರವಾರ ದಾಟಿದ ಮೇಲೆ ಕಾರಿನ ಹೊಟ್ಟೆಗೆ ಕಲ್ಲು ಬಡಿಯಿತು. ಅಣ್ಣ ಬೆರಳಿನಿಂದ ಮೀಟರಿನ ಗಾಜು ತಟ್ಟಿದ.

"ಇವತ್ತು ಸೂಜಿ ಬಾಳ ಶಾಂತ ಅದಲ್ಲಲೇ," ಎಂದು ನನ್ನ ತುಟಿ ನೋಡಿದ.

"ಚೊಲೊ ಅದ, ನಡಿ," ಅಂದೆ.

ಸ್ವಲ್ಪ ದೂರ ಹೋದ ಮೇಲೆ ಎಂಜಿನ್ನಿನೊಳಗೆ ಯಾರೋ ಸುತ್ತಿಗೆ ಹೊಡೆದಂತೆ ಟಕಟಕ ಶುರುವಾಯಿತು. ಹಿಂದಿನಿಂದ ಮಾವ, "ಏ, ಏನದು ಸಪ್ಪಳ? ನಿಂದ್ರಸಲೇ," ಎಂದು ಕೂಗಿದ. ಅಣ್ಣ ಸೂಜಿ ನೋಡಿಕೊಂಡು ಓಡಿಸುತ್ತಲೇ ಇದ್ದ. ಅವನ ಭುಜ ಮುಟ್ಟಿದ್ದರೆ ಸಾಕಿತ್ತು. ನನ್ನ ಕೈ ತೊಡೆಯ ಮೇಲೇ ಇತ್ತು. ದೇವದುರ್ಗ ಇನ್ನೇನು ಬಂತು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಊರ ಮನೆಗಳು ಕಾಣುವಾಗ ಕಾರು ಕಿರುಗುಟ್ಟಿ ನಿಂತಿತು. ಕೆಳಗೆ ಎಣ್ಣೆ ಪೂರ್ತಿ ಸೋರಿ ಹೋಗಿತ್ತು. ಎಂಜಿನ್ ಬಿಸಿಗೆ ಕಚ್ಚಿಕೊಂಡು ಕೆಟ್ಟಿತ್ತು. ಮೀಟರಿನ ಸೂಜಿ ಮಾತ್ರ ಗೆರೆಯ ಮೇಲೆ ಆರಾಮ ನಿಂತಿತ್ತು. ಅಣ್ಣ ಅದನ್ನು ಬಹಳ ಹೊತ್ತು ನೋಡಿದ. ಬಗ್ಗಿ, ನಳಿಗೆಯ ಗುಂಟ ಕೈಯಾಡಿಸಿದ. ಕೈ ಒಂದು ಕಡೆ ನಿಂತಿತು. ಮತ್ತೆ ಎದ್ದು ಕೂತು ಮಾವನ ಕಡೆ ತಿರುಗಿದ.

"ನಂದs ತಪ್ಪು, ಮಾವಾ. ನನಗ ಕಿವಿ ಕೇಳಂಗಿಲ್ಲ. ಇನ್ನ ಗಾಡಿ ಹಿಡಿಯಂಗಿಲ್ಲ."

ಮಂದಿಯ ಮುಂದೆ ಅವನು ಅದನ್ನು ಹೇಳಿದ್ದು ಅದೇ ಮೊದಲು. ನನ್ನ ಕಡೆ ನೋಡದೆ, "ನೀವು ನಡೀರಿ, ಹೊತ್ತಾಗತದ," ಅಂದ. ನಾವು ನಡೆದೇ ಹೋಗಿ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಮದುವೆ ಗಟ್ಟಿಯಾಯಿತು.

ಕಾರು ಖಾಸಿಂಸಾಬನ ಗುಜರಿಗೆ ಹೋಯಿತು. ಅಣ್ಣ ಜಿನ್ನಿನ ಗೇಟು ಕಾಯುವ ಕೆಲಸಕ್ಕೆ ಸೇರಿದ. ನನ್ನ ಮದುವೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಅಕ್ಕಿಕಾಳು ಹಾಕಿದ. ಆಮೇಲೂ ನಾನು ಎಷ್ಟೋ ಸಲ ಗೇಟಿನ ಹತ್ತಿರ ಹೋಗಿ ಅವನ ಎದುರು ನಿಂತೆ. ಅವನು ನನ್ನ ತುಟಿ ನೋಡಿಕೊಂಡು ಕಾಯುತ್ತಿದ್ದ. ನಾನು ಮಳೆ, ಬೆಳೆ, ಮಕ್ಕಳ ಮಾತಾಡಿ ಬರುತ್ತಿದ್ದೆ.

ಎಂಬತ್ತರ ದಶಕದಲ್ಲಿ ಅವನು ತೀರಿಕೊಂಡ. ದಿನಗಳು ಮುಗಿದ ಮೇಲೆ ಅತ್ತಿಗೆ ಒಂದು ಅರಿವೆಯ ಗಂಟು ತಂದು, "ನಿಮ್ಮಣ್ಣ ಇದನ್ನ ಯಾರ ಕೈಗೂ ಕೊಡ್ತಿದ್ದಿಲ್ಲ," ಎಂದು ಕೊಟ್ಟಳು. ಒಳಗೆ ಎಣ್ಣೆಯ ಮೀಟರಿತ್ತು. ನಾನು ಒತ್ತಿದ ಜಾಗ ಬಿಟ್ಟು, ಅದರಾಚೆ ಅವನು ನಳಿಗೆಯನ್ನು ಕತ್ತರಿಸಿದ್ದ. ಪಕ್ಕಡಿನ ಹಲ್ಲಿನ ಗುರುತು ಹಾಗೇ ಇತ್ತು.

ನನ್ನ ಹೆಂಡತಿ ಅದನ್ನು ದೀಪದ ಹತ್ತಿರ ಹಿಡಿದು ನೋಡಿದಳು. "ಕಾರು ಹೋಗಿ ಇಷ್ಟ್ ವರ್ಷ ಆತು. ಇದರ ಸೂಜಿ ಯಾಕ ಇನ್ನೂ ಇಳಿದಿಲ್ಲ?"

ಕೇಳಿಸದವನಂತೆ ಹೊರಗೆ ಬಂದು ಕೂತೆ.