ತಾಟು ಮೀರಿದ ರೊಟ್ಟಿ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಪಕ್ಕದ ಮನೆಯ ಅಕ್ಕ ವಿಜಯಪುರದ ಕಡೆಯವರು. ಲಕ್ವ ಹೊಡೆದು ಅವರ ಬಲಗೈ ಸೋತಿತ್ತು. ಸಕ್ಕರೆ ಕಾಯಿಲೆಯೂ ಇದ್ದುದರಿಂದ ಮರಾಠಿ ಡಯಟೀಶಿಯನ್ ಊಟಕ್ಕೆ ಒಂದೇ ಭಾಕ್ರಿ, ಅಂದರೆ ಒಂದೇ ರೊಟ್ಟಿ, ಎಂದಿದ್ದಳು. "ಒಂದ ತಿಂತೀನಲ್ರಿ, ಮತ್ತೇನ ಮಾಡ್ಲಿ?" ಯಾರು ಕೇಳಿದರೂ ಅಕ್ಕ ಎಡಗೈಯಿಂದ ಬಲಗೈಯನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಇದನ್ನೇ ಹೇಳುತ್ತಿದ್ದರು. ಸಕ್ಕರೆ ಮಾತ್ರ ಇಳಿಯಲೊಲ್ಲದು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೋದೆ. ಸೊಸೆ ಬಡಿದುಕೊಟ್ಟ ಜೋಳದ ರೊಟ್ಟಿ ತಾಟಿನ ಅಂಚು ದಾಟಿ ಹೊರಗೆ ಚಾಚಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಅಕ್ಕಾರ, ಆ ಡಯಟೀಶಿಯನ್ ಹೇಳಿದ್ದು ಇಲ್ಲಿಯ ಸಣ್ಣ ಭಾಕ್ರಿ!"

"ನಮ್ಮೂರಾಗ ಇದಕ್ಕ ಒಂದ ಅಂತಾರ್ರಿ," ಎಂದು ಮುಖ ತಿರುಗಿಸಿದರು.

ಮರುದಿನ ಗೋಡೆಯಾಚೆ ತಪ್, ತಪ್ ಎಂದು ನಿಧಾನವಾದ ಸದ್ದು. ಹೋಗಿ ನೋಡಿದರೆ ಅಕ್ಕನೇ ಸೋತ ಬಲಗೈಯನ್ನು ಎಡಗೈಯಿಂದ ಎತ್ತೆತ್ತಿ ಹಾಕುತ್ತ ರೊಟ್ಟಿ ಬಡಿಯುತ್ತಿದ್ದರು. ಎಷ್ಟು ಬಡಿದರೂ ಅದು ಅಂಗೈಯಗಲ ದಾಟಲಿಲ್ಲ. "ಇನ್ನ ನನ್ನ ಕೈಲೆ ಎಷ್ಟ ಆಗ್ತೈತೋ ಅಷ್ಟ ತಿಂತೀನಿ," ಎಂದು ತಾಟಿನ ಉಳಿದ ಜಾಗಕ್ಕೆಲ್ಲ ಮೆಂತ್ಯ ಪಲ್ಯ, ಮೊಸರು, ಸೌತೆಕಾಯಿ ಬಡಿಸಿಕೊಂಡರು.

ಸಕ್ಕರೆ ಇಳಿಯಿತು. ಕೈ ಸುಧಾರಿಸಿದಂತೆಲ್ಲ ರೊಟ್ಟಿಯೂ ಅಗಲವಾಗುತ್ತ ಹೋಯಿತು. ಸಕ್ಕರೆ ಮತ್ತೆ ಏರೀತೆಂದು ನನಗೆ ದಿಗಿಲು.

ಮೊನ್ನೆ ಬಾಗಿಲು ಬಡಿದು, ತಾಟು ಮೀರಿದ ರೊಟ್ಟಿಯೊಂದನ್ನು ನನ್ನ ಮುಂದೆ ಹಿಡಿದರು. ಒಂದು ಅಂಚಿನಲ್ಲಿ ಅಂಗೈಯಗಲ ಮುರಿದಿತ್ತು.

"ನನ್ನ ಪಾಲು ತಗೊಂಡೀನಿ. ಉಳಿದಿದ್ದು ನಿಮಗ. ನೋಡ್ರಿ, ಈಗ ಪೂರಾ ಒಂದ ಬಡಿಯಾಕ ಬರ್ತೈತಿ."